ಗುಡಾಣದ ಹೆಪ್ಪು

ಕ್ಲೀಸಾ
14 ಜುಲೈ 1996

ಎಮೆತೇರಿಯಾ ದೊಡ್ಡಮ್ಮನಿಗೆ,

ನಾನು ನಿಮಗೆ ಬರೆಯಬಾರದಿತ್ತೇನೋ. ಬರೆಯುತ್ತಿರುವುದಕ್ಕೆ ಮೊದಲೇ ಸಾರಿ ಕೇಳುತ್ತೇನೆ. ಲಕೋಟೆ ಮೇಲೆ ಕ್ಲೀಸಾ ಅಂತ ಕಂಡ ಕೂಡಲೇ ನೀವು ಇದನ್ನು ಒಲೆಗೆ ಹಾಕುತ್ತೀರಿ ಅಂತ ಪಕ್ಕದ ಮನೆಯ ದೋನ್ಯಾ ಕಾಸ್ತಾ ಹೇಳಿದರು. ಹಾಕದೆ ಇಲ್ಲಿವರೆಗೆ ಓದಿದ್ದರೆ ಥ್ಯಾಂಕ್ಸ್. ನಾನು ನೋರ್ಕಾ, ನಿಮ್ಮ ತಂಗಿ ಲುಸಿಲಾಳ ಮಗಳು, ಅಮ್ಮ ತೀರಿಕೊಂಡ ಮೇಲೆ ಅಜ್ಜಿ ಸಾಕಿದವಳು. ನೀವು ಈ ಊರು ಬಿಟ್ಟು ತಗ್ಗುನಾಡಿಗೆ ಹೋದಾಗ ನನಗೆ ಮುಂದಿನ ಹಲ್ಲು ಇರಲಿಲ್ಲ. ಈಗ ನಗರದಲ್ಲಿ ಫಾರ್ಮಸಿ ಓದುತ್ತಿದ್ದೇನೆ, ಫಸ್ಟ್ ಇಯರ್. ಶನಿವಾರ ಬಸ್ ಹಿಡಿದು ಅಜ್ಜಿ ಮನೆಗೆ ಬರುತ್ತೇನೆ. ಬಾಗಿಲು ತೆಗೆದು, ಕಸ ಗುಡಿಸಿ, ಸುಮ್ಮನೆ ಕೂತಿರುತ್ತೇನೆ.

ಏಪ್ರಿಲ್‌ನಲ್ಲಿ ಅಜ್ಜಿ ತೀರಿಕೊಂಡಾಗ ನಿಮಗೆ ತಂತಿ ಕಳಿಸಿದ್ದೆ. ತಲುಪಿತೋ ಇಲ್ಲವೋ ಗೊತ್ತಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಲು ಬರೆಯುತ್ತಿಲ್ಲ. ನಿಜವಾಗಿಯೂ ಅದಕ್ಕಲ್ಲ.

ಕೇಳಬೇಕಾದ್ದು ಒಂದೇ. ಚಿಚಾ ಹಾಕೋದು ಹೇಗೆ?

ನವೆಂಬರ್ ಒಂದಕ್ಕೆ, ಸತ್ತವರ ಹಬ್ಬಕ್ಕೆ, ಅಜ್ಜಿಯ ಆತ್ಮ ಮೊದಲ ಸಲ ಮನೆಗೆ ಬರುತ್ತೆ. ಎಡೆ ಮೇಜು ಸಿದ್ಧ ಮಾಡಬೇಕು. ರೊಟ್ಟಿ ಕೂಸುಗಳನ್ನು, ಆತ್ಮ ಇಳಿದು ಬರುವ ಏಣಿ ರೊಟ್ಟಿಯನ್ನು ಬೇಕರಿಯಲ್ಲಿ ಹೇಳಿ ಮಾಡಿಸಬಹುದು. ಚಿಚಾ ಅಂದರೆ ಅಜ್ಜಿ ಅಂಗಡಿಯಲ್ಲಿ ಮಾರುತ್ತಿದ್ದ ಜೋಳದ ಹೆಂಡ, ಅದನ್ನು ಮಾತ್ರ ಹೊರಗಿಂದ ತರುವಂತಿಲ್ಲ. ಕೊನೆ ವಾರ ಅಜ್ಜಿಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಆದರೆ ಇದನ್ನು ಮಾತ್ರ ಪೂರ್ತಿ ಹೇಳಿದಳು. “ನನ್ನ ಎಡೆಗೆ ಕೊಂಡದ್ದು ಇಡಬೇಡ ಕಣೇ. ಕಾಸ್ತಾಳದ್ದಂತೂ ಬೇಡವೇ ಬೇಡ. ಅದನ್ನು ಕುಡಿಯೋಕೆ ಅಷ್ಟು ದೂರದಿಂದ ಬರಬೇಕಾ ನಾನು?” ನಾನು ಹೂಂ ಅಂದುಬಿಟ್ಟೆ. ಸಾಯೋರ ಮುಂದೆ ಇನ್ನೇನು ಹೇಳಲಿ.

ಆದರೆ ಅವಳು ನನಗೆ ಕಲಿಸಿಯೇ ಇಲ್ಲ. ಸಿಸ್ಟರ್‌ಗಳ ಹಾಸ್ಟೆಲಿನಿಂದ ರಜೆಗೆ ಬಂದಾಗಲೂ ಒಲೆ ಹತ್ತಿರ ಸೇರಿಸುತ್ತಿರಲಿಲ್ಲ. “ಬಟ್ಟೆಗೆ ವಾಸನೆ ಹತ್ತುತ್ತೆ, ಹೋಗಿ ಓದಿಕೋ” ಅನ್ನುತ್ತಿದ್ದಳು. ಅವಳ ಕೈಗೆ ಕೈ ಕೊಟ್ಟು ಕಲಿತವರು ನೀವೊಬ್ಬರೇ ಅಂತ ಎಲ್ಲರೂ ಹೇಳುತ್ತಾರೆ. ನೀವು ಈಗ ಸುವಾರ್ತಾ ಸಭೆಗೆ ಸೇರಿದ್ದೀರಿ, ಕುಡಿತದ ಮಾತೇ ಎತ್ತುವುದಿಲ್ಲ ಅಂತಲೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಸಂತೆಯಲ್ಲಿ ಹತ್ತು ಕಿಲೋ ಮೆಕ್ಕೆಜೋಳ ತಂದು ಇಟ್ಟುಕೊಂಡಿದ್ದೇನೆ, ಅಲ್ಲಿಂದ ಮುಂದೆ ದಾರಿ ಕಾಣುತ್ತಿಲ್ಲ.

ನಿಮ್ಮ ವಿಶ್ವಾಸಿ,
ನೋರ್ಕಾ


ಸಾನ್ ಇಸಿದ್ರೊ ಕಾಲೊನಿ
2 ಆಗಸ್ಟ್

ನೋರ್ಕಾಗೆ,

ಕರ್ತನಲ್ಲಿ ವಂದನೆ.

ನಿನ್ನ ಪತ್ರವನ್ನು ಲಾರಿ ಎಲಿಯೋದೊರೊ ತಂದುಕೊಟ್ಟ. ಅಕ್ಕಿ ಮೂಟೆ ಧೂಳೆಲ್ಲ ಅದಕ್ಕೇ ಹತ್ತಿತ್ತು. ಒಲೆಗೆ ಹಾಕಲಿಲ್ಲ ಅಂತ ಕಾಸ್ತಾಳಿಗೆ ಹೇಳು.

ತಂತಿ ತಲುಪಿತ್ತು.

ನಿನ್ನ ಹಲ್ಲು ಬಿದ್ದ ವರ್ಷದಿಂದ ನಾನು ಚಿಚಾ ಮುಟ್ಟಿಲ್ಲ. ಮುಟ್ಟೋದಿಲ್ಲ ಅಂತ ಸಭೆಯ ಮುಂದೆ ಮಾತು ಕೊಟ್ಟಿದ್ದೇನೆ. ಸತ್ತವರು ನಿದ್ದೆಯಲ್ಲಿದ್ದಾರೆ ನೋರ್ಕಾ. ಕರ್ತನು ಕರೆಯೋವರೆಗೂ ಏಳೋದಿಲ್ಲ. ಯಾರೂ ರೊಟ್ಟಿ ಏಣಿ ಇಳಿದು ಬರೋದಿಲ್ಲ. ಬಂದರೂ ನೀನು ಇಟ್ಟದ್ದು ಆ ಊರಿನ ಕುಡುಕರ ಹೊಟ್ಟೆಗೇ ಹೋಗೋದು. ಆ ಖರ್ಚಲ್ಲಿ ಪುಸ್ತಕ ತಗೋ. ಓದಿ ಔಷಧಿ ಕೊಡೋಳಾಗು. ಅಮ್ಮನಿಗೆ ಅದೇ ಸಾಕು.

ದೇವರು ಕಾಪಾಡಲಿ.

ಎಮೆತೇರಿಯಾ

ಸಂತೆಯ ಜೋಳ ಅಂದಿದ್ದೀಯ. ಯಂತ್ರದಲ್ಲಿ ಬಿಡಿಸಿದ್ದಾದರೆ ಅದರ ಮೂತಿ ಮುರಿದಿರುತ್ತೆ, ಮೊಳೆಯೋದಿಲ್ಲ. ಕೋಳಿಗೆ ಹಾಕು. ಈ ವರ್ಷದ ತೆನೆ ಕೊಂಡು ಕೈಯಲ್ಲಿ ಬಿಡಿಸಬೇಕು. ನೀನು ಕೇಳಿದೆ ಅಂತ ಇದನ್ನು ಹೇಳ್ತಿಲ್ಲ. ಜೋಳ ಹಾಳಾಗೋದು ನೋಡೋಕಾಗಲ್ಲ, ಅದಕ್ಕೆ.


ಕ್ಲೀಸಾ
25 ಆಗಸ್ಟ್

ಪ್ರೀತಿಯ ದೊಡ್ಡಮ್ಮ,

ನೀವು ಬರೆದಿರಿ. ಕ್ಲಾಸಿನಲ್ಲಿ ಅದನ್ನು ನೋಟ್ಸ್ ಒಳಗಿಟ್ಟು ಓದಿದೆ. ಪ್ರೊಫೆಸರ್ ಏನೋ ಪ್ರಶ್ನೆ ಕೇಳಿದರು, ನಾನು ಎದ್ದು ನಿಂತು “ಮೂತಿ ಮುರಿದಿರುತ್ತೆ ಸರ್” ಅಂದುಬಿಟ್ಟೆ. ಇಡೀ ಕ್ಲಾಸ್ ನಕ್ಕಿತು. ಮೊದಲೇ ನನ್ನನ್ನು ಚಿಚಾ ಅಂಗಡಿಯವಳು ಅಂತ ಕರೆಯುತ್ತಾರೆ.

ನಿಮ್ಮ ಮಾತು ನಿಜ. ಆ ಜೋಳವನ್ನು ರೂಮಿನ ಬಕೆಟ್ಟಿನಲ್ಲಿ ನೆನೆಸಿದ್ದೆ. ಅದು ಮೊಳೆಯಲಿಲ್ಲ, ನಾರಿತು. ಮಹಡಿ ಪೂರ್ತಿ ವಾಸನೆ. ಮನೆಯೊಡತಿ ಇಲಿ ಸತ್ತಿದೆ ಅಂತ ಎಲ್ಲರ ಮಂಚದ ಕೆಳಗೂ ಹುಡುಕಿದಳು. ನಾನೂ ಅವಳ ಜೊತೆ ಸೇರಿ ಹುಡುಕಿದೆ, ಹೇಳಲು ಧೈರ್ಯ ಸಾಲಲಿಲ್ಲ.

ಆಮೇಲೆ ತೆನೆ ತಂದು ಬಿಡಿಸಿದೆ. ಹೆಬ್ಬೆರಳ ಸಿಪ್ಪೆ ಸುಲಿದುಹೋಯಿತು. ನೆನೆಸಿ, ಹಿತ್ತಲ ಗುಂಡಿಯಲ್ಲಿ ಹುಲ್ಲು ಹಾಸಿ ರಾಶಿ ಹಾಕಿದ್ದೇನೆ, ಮೇಲೆ ಗೋಣಿ. ಈ ಸಲ ಮೊಳಕೆ ಬಂದಿದೆ. ಬಿಳೀದು, ಸಣ್ಣದು. ರಾಶಿಗೆ ಕೈ ಹಾಕಿದರೆ ಒಳಗೆ ಬಿಸಿ. ಜ್ವರ ಬಂದ ಮಗುವಿನ ಕಂಕುಳು ಇದ್ದ ಹಾಗೆ. ಎಷ್ಟು ಬಿಸಿ ಇರಬೇಕು ಅಂತ ಗೊತ್ತಿಲ್ಲದೆ ಲ್ಯಾಬಿನ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದೆ. ದೋನ್ಯಾ ಕಾಸ್ತಾ ಗೋಡೆ ಮೇಲಿಂದ ಇಣುಕಿದರು.

“ಏನಮ್ಮಾ ಡಾಕ್ಟರಮ್ಮ, ಜೋಳ ಬದುಕುತ್ತಾ?”

“ಬಿಸಿ ಜಾಸ್ತಿ ಅನ್ಸುತ್ತೆ ದೋನ್ಯಾ.”

“ಹಾಗಿದ್ರೆ ಒಂದು ಮಾತ್ರೆ ಬರೆದುಕೊಡು. ನನ್ನನ್ನು ಕೇಳಿದ್ರೆ ನನ್ನ ಅಂಗಡಿಯಿಂದ ಎರಡು ಕೊಡ ಚಿಚಾ ನಾನೇ ಕೊಡ್ತಿದ್ದೆ. ನಿಮ್ಮಜ್ಜಿ ಸತ್ತ ಮೇಲೂ ಜಂಬ ಬಿಡಲಿಲ್ಲ.”

ಅಜ್ಜಿಯ ಹಳೆ ಗಿರಾಕಿ ದೋನ್ ಸೆನೋನ್ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡು ನಗುತ್ತಿದ್ದರು. ಹೌದು, ಅವರು ಇನ್ನೂ ಬರುತ್ತಾರೆ. ಚಿಚಾ ಇದೆ ಅಂತ ಅಂಗಡಿ ಮುಂದೆ ಹಾರಿಸುವ ಬಿಳಿ ಬಾವುಟ ಇಳಿಸಿ ಎಷ್ಟೋ ತಿಂಗಳಾಯಿತು, ಕೋಲು ಮಾತ್ರ ನಿಂತಿದೆ. ಅವರು ಸಂಜೆ ಬಂದು, ಟೋಪಿ ತೊಡೆ ಮೇಲೆ ಇಟ್ಟುಕೊಂಡು, ಕುಡಿಯಲು ಏನೂ ಇಲ್ಲದೆ ಕೂತು ಹೋಗುತ್ತಾರೆ.

ಮೊಳಕೆ ಎಷ್ಟು ಉದ್ದ ಆಗುವ ತನಕ ಬಿಡಬೇಕು? ಆಮೇಲೆ ಏನು ಮಾಡಬೇಕು? ನೀವು ಹೇಳುವುದಿಲ್ಲ ಅಂತ ಬರೆದಿದ್ದೀರಿ, ಅದು ಗೊತ್ತು. ನನಗೆ ರಾತ್ರಿಯೆಲ್ಲ ಟೆನ್ಶನ್. ಅಜ್ಜಿ ಬಂದು ಬಾಗಿಲಲ್ಲಿ ನಿಂತು, ಚಿಚಾ ಕುಡಿಯುವ ಸೋರೆಬುರುಡೆ ಖಾಲಿ ಇರುವುದು ನೋಡಿ ವಾಪಸ್ ಹೋದ ಹಾಗೆ ಕನಸು.

ನಿಮ್ಮ
ನೋರ್ಕಾ


ಸಾನ್ ಇಸಿದ್ರೊ ಕಾಲೊನಿ
11 ಸೆಪ್ಟೆಂಬರ್

ನೋರ್ಕಾ,

ಕರ್ತನಲ್ಲಿ ವಂದನೆ.

ಥರ್ಮಾಮೀಟರ್ ವಿಷಯ ಓದಿ ನಕ್ಕೆ. ಪಕ್ಕದಲ್ಲಿ ಬಟ್ಟೆ ಒಗೀತಿದ್ದ ಸಹೋದರಿ “ಏನಾಯ್ತು” ಅಂದಳು. “ಏನಿಲ್ಲ, ಊರಿಂದ ಪತ್ರ” ಅಂದೆ. ನನಗೂ ಊರು ಅಂತ ಒಂದಿದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು.

ಪಾಸ್ಟರಿಗೆ ಹೇಳಿಲ್ಲ. ಔಷಧಿ ಓದೋ ಹುಡುಗಿ ಕೇಳಿದ್ದಾಳೆ, ಕಷಾಯ ಮಾಡೋದು ಹೇಳಿಕೊಟ್ಟ ಹಾಗೆ ಹೇಳ್ತಿದ್ದೀನಿ ಅಂದುಕೊಂಡಿದ್ದೀನಿ. ಹಾಗೇ ಓದಿಕೋ.

ಮೊಳಕೆ ಕಾಳಿನಷ್ಟೇ ಉದ್ದ ಆದಾಗ ತೆಗಿ. ಹಸಿರು ಬಂದರೆ ಕಹಿ. ಈ ಪತ್ರ ಬರೋ ಹೊತ್ತಿಗೆ ನೀನು ತೆಗೆದಿರ್ತೀಯ ಇಲ್ಲ ಹಾಳು ಮಾಡಿರ್ತೀಯ. ಬಿಸಿಲಲ್ಲಿ ಗರಿಗರಿ ಒಣಗಿಸಿ ಗಿರಣಿಗೆ ಕೊಡು, ತೀರಾ ನುಣ್ಣಗೆ ಬೇಡ. ಹಿಟ್ಟನ್ನು ಬಿಸಿನೀರಿಗೆ ಕಲಸಬೇಕು, ಕುದಿಯೋ ನೀರಿಗಲ್ಲ. ಕೈ ಅದ್ದಿದರೆ ತಡೆಯೋಕಾಗಬಾರದು, ಬೊಬ್ಬೆಯೂ ಏಳಬಾರದು. ಆ ಥರ್ಮಾಮೀಟರ್ ಆಚೆ ಇಡು. ಅಮ್ಮನ ಅಗಲ ಬಾಯಿಯ ಮಡಕೆಯಲ್ಲಿ ಕಲಸು, ಗಂಟು ಉಳೀಬಾರದು. ರಾತ್ರಿ ಹಾಗೇ ಬಿಟ್ಟರೆ ಪದರ ಪದರವಾಗಿ ಕೂತಿರುತ್ತೆ. ಮೇಲಿನ ತಿಳಿಯನ್ನು ತಾಮ್ರದ ಕೊಪ್ಪರಿಗೆಗೆ ಬಸಿದು ದಿನವಿಡೀ ಕುದಿಸು. ಮಧ್ಯದ್ದು ಗಂಜಿ ಥರ, ಸಿಹಿ. ಅದನ್ನು ಬೇರೆ ಕಾಯಿಸಿ ಕಂದು ಪಾಕಕ್ಕೆ ತಾ. ತಳ ಹಿಡಿಯುತ್ತೆ, ತೊಳಸೋದು ನಿಲ್ಲಿಸಬೇಡ, ಯಾರು ಕರೆದರೂ ಹೋಗಬೇಡ. ಅಡಿಯ ತೌಡು ಹಂದಿಗೆ. ತಿಳಿ, ಪಾಕ ಎರಡೂ ಉಗುರುಬೆಚ್ಚಗೆ ಆದ ಮೇಲೆ ಅಮ್ಮನ ಮಣ್ಣಿನ ಗುಡಾಣಕ್ಕೆ ಹೊಯ್ದು ಬಟ್ಟೆ ಕಟ್ಟು.

ಆಮೇಲೆ ನಿನ್ನ ಕೆಲಸ ಇಲ್ಲ. ಗುಡಾಣ ನೋಡಿಕೊಳ್ಳುತ್ತೆ. ಅದು ತಾನೇ ಕುದಿಯೋಕೆ ಶುರು ಮಾಡುತ್ತೆ, ಬೆಂಕಿ ಇಲ್ಲದೆ. ಬಟ್ಟೆಗೆ ಕಿವಿ ಇಟ್ಟರೆ ಕೇಳುತ್ತೆ. ಅದರ ಹತ್ತಿರ ಮಾತ್ರ ಯಾರೂ ಜಗಳ ಆಡಬಾರದು ಅಂತ ಅಮ್ಮ ಹೇಳ್ತಿದ್ದಳು.

ಅಮ್ಮ, ನಾನು ಜಗಳ ಆಡಿದ್ದು ಅದರ ಹತ್ತಿರವೇ. ಯಾಕೆ ಅಂತ ನಿನಗೆ ಯಾರಾದರೂ ಹೇಳಿರ್ತಾರೆ, ಅವರವರ ಥರ. ನನ್ನ ಥರ ಕೇಳು. ನಿನ್ನ ದೊಡ್ಡಪ್ಪ ಫೌಸ್ತೀನೊ ದಿನಾ ಸಂಜೆ ಅಮ್ಮನ ಅಂಗಡಿಯಲ್ಲೇ ಕೂತಿರ್ತಿದ್ದರು. ಅಳಿಯ ಅಂತ ಅಮ್ಮ ತಾನೇ ಬಗ್ಗಿಸಿ ಕೊಡ್ತಿದ್ದಳು. ಒಂದು ಸಂಜೆ ಮನೆಗೆ ಬರ್ತಾ ಕಾಲುವೆಗೆ ಬಿದ್ದರು. ಕಾಲುವೆಯಲ್ಲಿ ನೀರೇ ಇರಲಿಲ್ಲ, ಪಾದ ಮುಳುಗೋಷ್ಟು. ಮುಖ ಅಡಿಯಾಗಿ ಬಿದ್ದಿದ್ದರು.

ಮಣ್ಣು ಮಾಡಿ ಬಂದ ಮೇಲೆ ಅಮ್ಮನಿಗೆ ಒಂದೇ ಮಾತು ಕೇಳಿದೆ. ಈ ಒಂದು ಸಂತೆ ಬಾವುಟ ಏರಿಸಬೇಡ ಅಂತ. ಅಂಗಡಿ ಮುಚ್ಚು ಅನ್ನಲಿಲ್ಲ. ಒಂದು ಸಂತೆ. ಸಂತೆ ದಿನ ಬೆಳಗ್ಗೆ ಎದ್ದು ಹೊರಗೆ ಬಂದರೆ, ಬಾವುಟ ಹಾರಾಡ್ತಿತ್ತು.

ಜೋಳ ಹಾಳು ಮಾಡಬೇಡ.

ಎಮೆತೇರಿಯಾ


ಕ್ಲೀಸಾ
6 ಅಕ್ಟೋಬರ್

ದೊಡ್ಡಮ್ಮ,

ಗುಡಾಣ ನೋಡಿಕೊಳ್ಳುತ್ತಿಲ್ಲ.

ನೀವು ಹೇಳಿದ ಹಾಗೇ ಮಾಡಿದೆ. ಮೊಳಕೆಗೆ ಹಸಿರು ಬರುವ ಮೊದಲೇ ತೆಗೆದೆ. ಕೈ ಅದ್ದಿ ನೋಡಿದೆ, ಕೈ ಕೆಂಪಾಯಿತು, ಬೊಬ್ಬೆ ಬರಲಿಲ್ಲ. ಪಾಕ ತೊಳಸುವಾಗ ದೋನ್ ಸೆನೋನ್ ಬಂದು “ಮಗಳೇ, ಹೊರಗೆ ಯಾರೋ ಕರೀತಿದ್ದಾರೆ” ಅಂದರು. ನಾನು ತಿರುಗಿ ನೋಡಲಿಲ್ಲ. ಆಮೇಲೆ ನೋಡಿದರೆ ಯಾರೂ ಇರಲಿಲ್ಲ. ಪರೀಕ್ಷೆ ಮಾಡಿದ್ದಂತೆ. “ಬಾಸಿಲಿಯಾ ಮೊಮ್ಮಗಳೇ ಬಿಡು” ಅಂದರು. ಅಷ್ಟು ಖುಷಿ ನನಗೆ ಯಾವ ಎಗ್ಸಾಮಿನಲ್ಲೂ ಆಗಿಲ್ಲ.

ಗುಡಾಣಕ್ಕೆ ಹೊಯ್ದು, ಬಟ್ಟೆ ಕಟ್ಟಿ, ಕಿವಿ ಇಟ್ಟೆ. ಒಂದು ದಿನ, ಇನ್ನೊಂದು ದಿನ. ಕಾಲೇಜಿಗೆ ಹೋಗಲೇ ಇಲ್ಲ. ಏನೂ ಕೇಳುತ್ತಿಲ್ಲ. ನನ್ನ ಕಿವಿಯ ರಕ್ತ ಹರಿಯುವ ಸದ್ದು ಮಾತ್ರ ಕೇಳುತ್ತೆ. ಬಟ್ಟೆ ಬಿಚ್ಚಿ ನೋಡಿದರೆ ನೊರೆ ಇಲ್ಲ, ಕೆರೆ ನೀರಿನ ಹಾಗೆ ಸುಮ್ಮನೆ ಇದೆ. ಮೇಲೆ ಏನೋ ಬೂದು ಪೊರೆ ಕಟ್ಟುತ್ತಿದೆ.

ಎಲ್ಲಿ ತಪ್ಪಾಯಿತು ಅಂತ ಮೊದಲಿಂದ ಯೋಚಿಸಿದೆ. ಕ್ಲೀನ್ ವಿಷಯದಲ್ಲಂತೂ ತಪ್ಪಾಗಿರಲು ಸಾಧ್ಯವೇ ಇಲ್ಲ. ಗುಡಾಣದ ಒಳಗೋಡೆ ಪೂರ್ತಿ ಕಂದು ಪೊರೆ, ಅಜ್ಜಿಗೆ ಕೊನೆಗೊನೆಗೆ ತೊಳೆಯಲು ಆಗುತ್ತಿರಲಿಲ್ಲವೇನೋ ಅಂದುಕೊಂಡೆ. ಅದಕ್ಕೇ ಎರಡು ಬಾಟಲಿ ಬ್ಲೀಚ್ ಸುರಿದು, ಒಂದು ರಾತ್ರಿ ನೆನೆಸಿ, ಒಳಗೆ ತಲೆ ಹಾಕಿ ತಂತಿಯ ಬ್ರಷ್ಷಿನಲ್ಲಿ ಉಜ್ಜಿದೆ. ಆಮೇಲೆ ಕುದಿಯುವ ನೀರು. ಲ್ಯಾಬಿನಲ್ಲಿ ಸ್ಟೆರಿಲೈಸ್ ಮಾಡುವುದು ಮೊದಲ ಪಾಠ, ಅದೊಂದರಲ್ಲಿ ನನಗೆ ಫುಲ್ ಮಾರ್ಕ್ಸ್. ಗುಡಾಣ ಈಗ ಹೊಸ ಮಣ್ಣಿನ ಬಣ್ಣಕ್ಕೆ ಬಂದಿದೆ.

ಹಾಗಾದರೆ ಯಾಕೆ ಕುದಿಯುತ್ತಿಲ್ಲ? ಹಿಟ್ಟು ದಪ್ಪವಾಯಿತಾ? ನನ್ನದು ಮೊದಲೇ ಅನುಮಾನದ ಸ್ವಭಾವ, ಅರ್ಧ ಹಿಟ್ಟು ಎತ್ತಿಟ್ಟಿದ್ದೇನೆ. ಇನ್ನೊಂದು ಸಲ ಮಾಡಲು ಟೈಮ್ ಇದೆ. ಹೇಳಿ. ಎಲಿಯೋದೊರೊ ಅವರಿಗೆ ಕಾದಿದ್ದು ಉತ್ತರ ತನ್ನಿ ಅಂತ ಹೇಳಿದ್ದೇನೆ.

ನೋರ್ಕಾ

ದೊಡ್ಡಪ್ಪನ ವಿಷಯ ನನಗೆ ಯಾರೂ ಹೇಳಿರಲಿಲ್ಲ.


ಸಾನ್ ಇಸಿದ್ರೊ ಕಾಲೊನಿ
13 ಅಕ್ಟೋಬರ್

ನೋರ್ಕಾ,

ಎಲಿಯೋದೊರೊ ಹೊರಗೆ ಎಂಜಿನ್ ಆರಿಸದೆ ಕಾಯ್ತಿದ್ದಾನೆ.

ನಿನ್ನ ಹಿಟ್ಟು ಸರಿ ಇದೆ. ನೀರು ಸರಿ ಇದೆ. ಗುಡಾಣ ಸತ್ತಿದೆ.

ಆ ಕಂದು ಪೊರೆ ಕೊಳೆ ಅಲ್ಲ. ಹೆಪ್ಪು ಅದರಲ್ಲಿ, ಅದರ ಹಿಂದಿನ ಮಣ್ಣಿನಲ್ಲಿ ಇತ್ತು. ಗುಡಾಣ ಖಾಲಿಯಾದರೆ ಬಿಸಿನೀರು ತೋರಿಸಿ ಬಿಸಿಲಿಗೆ ಬೋರಲು ಹಾಕೋದು, ಅಷ್ಟೇ ತೊಳೆಯೋದು. ಅಮ್ಮನಿಗೆ ಅದನ್ನು ಅವಳಮ್ಮ ಕೊಟ್ಟದ್ದು. ಪ್ರತಿ ಸಲವೂ ಹಿಂದಿನ ಸಲದ್ದು ಒಂದಿಷ್ಟು ಒಳಗೇ ಉಳೀತಿತ್ತು, ನಾನು ಹುಟ್ಟೋ ಮುಂಚಿನಿಂದ. ಅಮ್ಮನ ಚಿಚಾದ ರುಚಿ ಅಂತ ಜನ ಹೇಳ್ತಿದ್ದದ್ದು ಅಮ್ಮನ ಕೈದಲ್ಲ, ಅದರದ್ದು. ಅಲ್ಲಿನ ಯಾವ ಹೆಣ್ಣುಮಗಳಿಗೂ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದಕ್ಕೇ ನಿನಗೂ ಹೇಳಬೇಕು ಅಂತ ಹೊಳೀಲಿಲ್ಲ.

ನೀನು ಮುಂದೆ ಏನು ಕೇಳ್ತೀಯ ಅಂತ ಗೊತ್ತು. ನನ್ನ ಮದುವೆಗೆ ಅಮ್ಮ ಒಂದು ಹರವಿ ಕೊಟ್ಟಿದ್ದಳು. ಕೊಡೋ ಮುಂಚೆ ಅದಕ್ಕೆ ತನ್ನ ಗುಡಾಣದ ಗಸಿ ಹಾಕಿ, ಮತ್ತೆ ಮತ್ತೆ ಅದರಲ್ಲೇ ಚಿಚಾ ಹಾಕಿ, ಹರವಿಗೆ ಕಲಿಸಿ ಕೊಟ್ಟಿದ್ದಳು. ಅದು ಇಲ್ಲ. ದೀಕ್ಷಾಸ್ನಾನದ ದಿನ ಹೊಳೆ ಕಲ್ಲಿಗೆ ಹೊಡೆದೆ. ಪಾಸ್ಟರ್ ಹೇಳಿದ್ದಲ್ಲ. ಅವರು “ಸಹೋದರಿ, ನೀರು ತುಂಬೋಕಾದರೂ ಆಗ್ತಿತ್ತಲ್ಲ” ಅಂದರು. ನಾನೇ ಹೊಡೆದೆ. ಹೊಡೆದಾಗ ಎದೆ ಹಗುರ ಆಯಿತು. ಅದನ್ನು ಸಾಕ್ಷಿ ಅಂತ ಎಷ್ಟೋ ಸಲ ಸಭೆಯಲ್ಲಿ ಹೇಳಿದ್ದೀನಿ.

ನಿನ್ನ ಪತ್ರ ಓದಿದ ಮೇಲೆ ಗೊತ್ತಾಯಿತು. ಆ ಹರವಿಯ ತಾಯಿ ಅಮ್ಮನ ಮನೆಯಲ್ಲಿತ್ತು. ಅದು ಅಲ್ಲಿದೆ ಅನ್ನೋ ಧೈರ್ಯಕ್ಕೇ ನಾನು ಇದನ್ನು ಒಡೆದದ್ದು.

ಕಾಸ್ತಾಳ ಹತ್ತಿರ ಒಂದು ಬಟ್ಟಲು ಗಸಿ ಕೇಳು. ಕೊಡ್ತಾಳೆ, ಮಾತು ಆಡಿ ಕೊಡ್ತಾಳೆ. ಗುಡಾಣವನ್ನು ಬ್ಲೀಚ್ ವಾಸನೆ ಹೋಗೋವರೆಗೂ ಬಿಸಿಲಿಗೆ ಹಾಕಿ, ಉಗುರುಬೆಚ್ಚಗಿನ ತಿಳಿಗೆ ಗಸಿ ಬೆರೆಸು. ಕುದಿಯುತ್ತೆ. ಎಡೆಗೆ ಚಿಚಾ ಇರುತ್ತೆ.

ನಿನ್ನ ಮೇಲೆ ಕೋಪ ಇಲ್ಲ. ಇದೆ. ಅದು ನಿನ್ನ ಮೇಲೇನಾ ಅಂತ ಗೊತ್ತಿಲ್ಲ. ಇನ್ನು ನನಗೆ ಬರೀಬೇಡ ಕೂಸೇ. ಹಳೇದೆಲ್ಲ ಕುದಿಯೋಕೆ ಶುರುವಾಗುತ್ತೆ.

ಎಮೆತೇರಿಯಾ


ಕ್ಲೀಸಾ
4 ನವೆಂಬರ್

ದೊಡ್ಡಮ್ಮ,

ಬರೆಯಬೇಡ ಅಂದಿದ್ದಿರಿ. ಇದೊಂದೇ.

ಪತ್ರ ಓದಿ ಗುಡಾಣದ ಪಕ್ಕ ಕೂತಿದ್ದೆ. ಅಳು ಬರಲಿಲ್ಲ, ಕೈ ಮೂಸಿಕೊಂಡೆ. ಇನ್ನೂ ಬ್ಲೀಚ್ ವಾಸನೆ ಇದೆಯೇನೋ ಅನ್ನಿಸಿತು. ಆಮೇಲೆ ಬಟ್ಟಲು ಹಿಡಿದು ದೋನ್ಯಾ ಕಾಸ್ತಾ ಬಾಗಿಲಿಗೆ ಹೋದೆ.

“ಕೊನೆಗೂ ಬಂದೆಯಾ? ನಿಮ್ಮಜ್ಜಿ ನನ್ನದು ಬೇಡ ಅಂದಳಂತಲ್ಲ” ಅಂದರು.

“ನಾನು ಗುಡಾಣಕ್ಕೆ ಬ್ಲೀಚ್ ಹಾಕಿಬಿಟ್ಟೆ.”

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಒಳಗೆ ಹೋಗಿ ಬಟ್ಟಲು ತುಂಬ ಗಸಿ ತಂದುಕೊಟ್ಟರು. ಕೊಡುವಾಗ ಬಟ್ಟಲು ಬಿಡದೆ ಒಂದು ಮಾತು ಹೇಳಿದರು. “ಕೇಳಿಸ್ಕೋ. ನಾನು ಅಂಗಡಿ ಇಟ್ಟ ಹೊಸದರಲ್ಲಿ ನನ್ನ ಗುಡಾಣ ಸೀಳಿಹೋಗಿತ್ತು. ಹೊಸದಕ್ಕೆ ಗಸಿ ಕೊಟ್ಟವಳು ನಿಮ್ಮಜ್ಜಿ. ಯಾರಿಗೂ ಹೇಳಬೇಡ ಅಂದಿದ್ದಳು, ಗಿರಾಕಿ ಹೋಗ್ತಾರೆ ಅಂತ. ನನ್ನದು ಅಂತ ನೀನು ತಗೊಂಡು ಹೋಗ್ತಿರೋದು ಅವಳದ್ದೇ.”

ಅವರು ಕತೆ ಕಟ್ಟುವುದರಲ್ಲಿ ಎತ್ತಿದ ಕೈ ಅಂತ ನಿಮಗೆ ಗೊತ್ತು. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿದರೋ, ನಿಜವೋ ತಿಳಿಯಲಿಲ್ಲ.

ಉಳಿದ ಹಿಟ್ಟಿನಲ್ಲಿ ಮತ್ತೆ ಹಾಕಿದೆ. ಈ ಸಲ ಕುದಿಯಿತು ದೊಡ್ಡಮ್ಮ. ಬಟ್ಟೆಗೆ ಕಿವಿ ಇಟ್ಟಾಗ ಒಳಗೆ ಯಾರೋ ಗುಸುಗುಸು ಮಾತಾಡುವ ಹಾಗೆ ಕೇಳಿತು. ನಾನು ಅಲ್ಲೇ ನೆಲದ ಮೇಲೆ ನಿದ್ದೆ ಹೋದೆ.

ಒಂದನೇ ತಾರೀಕು ಬೆಳಗ್ಗೆ ಎಡೆ ಮೇಜು ಸಿಂಗರಿಸಿದೆ. ಕಪ್ಪು ಬಟ್ಟೆ, ಕಬ್ಬು, ರೊಟ್ಟಿ ಕೂಸುಗಳು, ಏಣಿ, ಅವಳ ಫೋಟೋ. ಫೋಟೋ ಅಂದರೆ ಗುರುತಿನ ಚೀಟಿಯದ್ದು, ಅದರಲ್ಲಿ ಅವಳಿಗೆ ಸಿಟ್ಟು. ನಡುವೆ ಚಿಚಾ ತುಂಬಿದ ಬುರುಡೆ. ಮಧ್ಯಾಹ್ನ ಗಂಟೆ ಹೊಡೆದಾಗ ಮೊದಲ ಗುಟುಕು ಮಣ್ಣಿಗೆ ಸುರಿದು ಕಾದೆವು. ಅಂಗಳ ತುಂಬ ಜನ. ಅಂಗಡಿಯ ಹಳೆ ಗಿರಾಕಿಗಳೆಲ್ಲ ಪ್ರಾರ್ಥನೆ ಹೇಳಲು ಬಂದಿದ್ದರು.

ಒಂದು ನೊಣ ಬಂತು. ದೋನ್ ಸೆನೋನ್ ಟೋಪಿ ತೆಗೆದರು, ಎಲ್ಲರೂ ತೆಗೆದರು. ಆತ್ಮ ನೊಣದ ರೂಪದಲ್ಲಿ ಬರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ನೀವು ನಂಬುವುದಿಲ್ಲ, ಸಿಸ್ಟರ್‌ಗಳೂ ನಂಬುತ್ತಿರಲಿಲ್ಲ, ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅದು ರೊಟ್ಟಿ ಮೇಲೆ ಕೂತಿತು. ಕಬ್ಬಿನ ಮೇಲೆ ಕೂತಿತು. ಬುರುಡೆಯ ಅಂಚಿಗೆ ಬಂದು, ಅಂಚಿನ ಸುತ್ತ ನಡೆದು, ಒಳಗೆ ಇಳಿಯದೆ ಹಾರಿಹೋಯಿತು. ಎಲ್ಲರೂ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೇ ಜೋರಾಗಿ ಪ್ರಾರ್ಥನೆ ಶುರು ಮಾಡಿದರು.

ಕುಡಿಯಲು ಕೊಟ್ಟಾಗ ಎಲ್ಲರೂ ಚೆನ್ನಾಗಿದೆ ಅಂದರು. ಎರಡನೇ ಬುರುಡೆ ಕೇಳಿದರು. ದೋನ್ ಸೆನೋನ್ ಮಾತ್ರ ಬಾಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನುಂಗಲಿಲ್ಲ.

“ಚೆನ್ನಾಗಿದೆ ಮಗಳೇ. ಆದರೆ ಬಾಸಿಲಿಯಾದು ನಾಲಿಗೆ ಬದಿಯಲ್ಲಿ ಸ್ವಲ್ಪ ಕಚ್ತಿತ್ತು. ಇದು ಕಚ್ಚಲ್ಲ.”

“ನಿನ್ನ ನಾಲಿಗೆ ಸತ್ತು ಹತ್ತು ವರ್ಷ ಆಯ್ತಲ್ಲೋ ಮುದುಕ, ನಾಯಿ ಕಚ್ಚಿದರೂ ಗೊತ್ತಾಗಲ್ಲ ನಿನಗೆ” ಅಂದರು ದೋನ್ಯಾ ಕಾಸ್ತಾ. “ಇದು ಅವಳದ್ದೇ. ಹೊಸದು, ಅದಕ್ಕೆ ಮೆತ್ತಗಿದೆ. ಎರಡು ಮೂರು ಸಲ ಹಾಕಿದರೆ ತಾನೇ ಕಚ್ಚುತ್ತೆ.”

ಇಬ್ಬರೂ ಜಗಳಕ್ಕೆ ನಿಂತರು, ಗುಡಾಣದ ಪಕ್ಕದಲ್ಲೇ. ನಾನು ಕೈ ಮುಗಿದು ಆಚೆ ಕಳಿಸಿದೆ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, ನೀನೇ ಹೇಳು, ನಿನ್ನ ಮನೆದು, ಅಂದರು.

ನಾನು ಏನು ಹೇಳಲಿ? ಅಜ್ಜಿಯ ಚಿಚಾ ನಾನು ಒಂದು ಸಲವೂ ಕುಡಿದಿಲ್ಲ. ನೀವು ಬರೆದಿರಲ್ಲ, ಬಾವುಟ ಏರಿದ ಆ ಸಂತೆ. ಅವತ್ತೇ ಸಂಜೆ ಅಜ್ಜಿ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದಳಂತೆ, ದೋನ್ ಸೆನೋನ್ ಹೇಳಿದರು. ನನಗೆ ನೆನಪಿರುವುದು ಬಸ್ಸು ಮಾತ್ರ. ಯಾಕೆ ಅಂತ ಕಳೆದ ವರ್ಷ ಕೇಳಿದ್ದೆ. “ಈ ಮನೇಲಿ ಇನ್ನೊಂದು ಹೆಣ್ಣು ಚಿಚಾ ಹಾಕಿ ಗಂಡನ್ನ ಮಣ್ಣು ಮಾಡೋದು ಬೇಡ ಅಂತ” ಅಂದಳು. ನಿಮ್ಮ ಹೆಸರು ಎತ್ತಲಿಲ್ಲ. ಅವಳು ಯಾರ ಬಗ್ಗೆ ಹೇಳುತ್ತಿದ್ದಾಳೆ ಅಂತ ನನಗೆ ಆಗ ಗೊತ್ತೂ ಆಗಲಿಲ್ಲ.

ಬೇರೆ ಗಿರಾಕಿಗಳು ಏನು ಕೊಟ್ಟರೂ ಚೆನ್ನಾಗಿದೆ ಅನ್ನುತ್ತಾರೆ. ಆ ರುಚಿ ನಿಜವಾಗಿ ಗೊತ್ತಿದ್ದ ನಾಲಿಗೆಗಳಲ್ಲಿ ಒಂದಕ್ಕೆ ಅನುಮಾನ, ಇನ್ನೊಂದನ್ನು ನಂಬಲು ಆಗುವುದಿಲ್ಲ. ಉಳಿದದ್ದು ನಿಮ್ಮದು. ಅದು ಮಾತು ಕೊಟ್ಟಿದೆ.

ಅದಕ್ಕೆ ಎಲಿಯೋದೊರೊ ಕೈಯಲ್ಲಿ ಸಣ್ಣ ಬಾಟಲಿ ಕಳಿಸುತ್ತಿದ್ದೇನೆ. ಮುಚ್ಚಳ ಸಡಿಲ ಇದೆ, ಬಿಗಿ ಮಾಡಿದರೆ ಸಿಡಿಯುತ್ತೆ. ನೆಟ್ಟಗೆ ಇಟ್ಟುಕೊಳ್ಳಿ, ದಾರಿಯಲ್ಲಿ ಕುಡಿಯಬೇಡಿ ಅಂತ ಅವರಿಗೆ ಹೇಳಿದ್ದೇನೆ. ನೀವೂ ಕುಡಿಯಬೇಡಿ ದೊಡ್ಡಮ್ಮ. ನಾಲಿಗೆಗೂ ತಾಗಿಸಬೇಡಿ. ನಿಮ್ಮ ಮಾತು ಮುರಿಸಲು ನಾನು ಬರೆಯುತ್ತಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು. ಅದೇನಾ, ಅಲ್ಲವಾ. ಅಷ್ಟೇ ಬರೆಯಿರಿ, ಸಹಿ ಕೂಡ ಬೇಡ.

ಅದೇ ಅಂದರೆ ಗುಡಾಣ ಒಣಗುವ ಮೊದಲು ಮತ್ತೆ ಹಾಕುತ್ತೇನೆ, ಆಮೇಲೂ ಹಾಕುತ್ತೇನೆ. ಮುಂದಿನ ವರ್ಷದ ಎಡೆಯ ಹೊತ್ತಿಗೆ ಅದು ಕಚ್ಚಲು ಕಲಿಯಲಿ. ಎಗ್ಸಾಮ್ ಹೋದರೆ ಹೋಗಲಿ. ಅಲ್ಲ ಅಂದರೆ ಅದನ್ನು ಬೋರಲು ಹಾಕಿ, ಬಾಗಿಲು ಎಳೆದುಕೊಂಡು ನಗರಕ್ಕೆ ಹೋಗುತ್ತೇನೆ. ನಂಬಲು ಆಗದ್ದನ್ನು ಅವಳ ಹೆಸರಲ್ಲಿ ಮೇಜಿನ ಮೇಲೆ ಇಡಲಾರೆ. ಗುಡಾಣದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ನಿಮ್ಮ ಕಡೆಯ ಸೆಕೆಗೆ ಬಾಟಲಿಯಲ್ಲಿರುವುದು ಬೇಗ ಹುಳಿಯಾಗುತ್ತೆ, ಹುಳಿಯಾದ ಮೇಲೆ ಎಲ್ಲರ ಚಿಚಾವೂ ಒಂದೇ ವಾಸನೆ.

ಬೇಗ ಬರೆಯಿರಿ.

ನೋರ್ಕಾ